ಮಗಳು ಎದ್ದು ನಿಂತ್ರೆ ಎದೆ ಡವಡವ, ಕಣ್ಣು ಕತ್ತಲೆ. ಪಾಟ್ಸ್ (POTS, ನಿಂತಾಗ ಹಾರ್ಟ್ ರೇಟ್ ವಿಪರೀತ ಏರೋ ತೊಂದರೆ) ಅಂದಿದಾರೆ ಡಾಕ್ಟ್ರು, ಮನೇಲಿ ಹೇಗೆ ನೋಡ್ಕೊಳ್ಳೋದು?

ಹಾಸನದಮ್ಮ:

ಎಲ್ರಿಗೂ ನಮಸ್ಕಾರ. ಇಲ್ಲಿ ಬರೀತಿರೋದು ಇದೇ ಮೊದ್ಲು, ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಓದಿ. ನನ್ನ ಮಗಳಿಗೆ 16 ವರ್ಷ, ಫಸ್ಟ್ ಪಿಯುಸಿ ಸೈನ್ಸ್. ಆರು ತಿಂಗಳ ಹಿಂದೆ ಡೆಂಗ್ಯೂ ಬಂದು ಹತ್ತು ಹನ್ನೆರಡು ದಿನ ಮಲಗಿದ್ಲು, ಪ್ಲೇಟ್‌ಲೆಟ್ ಏರ್ತು, ಜ್ವರ ಬಿಡ್ತು, ಆದ್ರೆ ಹುಡುಗಿ ಮಾತ್ರ ಮೊದಲಿನ ಹಾಗೆ ಆಗ್ಲೇ ಇಲ್ಲ. ಬೆಳಿಗ್ಗೆ ಹಾಸಿಗೆಯಿಂದ ಏಳ್ತಿದ್ದ ಹಾಗೆ ಕಣ್ಣು ಕತ್ತಲೆ ಅಂತಾಳೆ, ಬಾತ್‌ರೂಮಿಗೆ ಗೋಡೆ ಹಿಡ್ಕೊಂಡು ಹೋಗ್ತಾಳೆ, ಹಲ್ಲುಜ್ಜೋ ಅಷ್ಟರಲ್ಲಿ ಎದೆ ಹೊಡ್ಕೊಳ್ಳೋಕೆ ಶುರುವಾಗಿ ಬಕೆಟ್ ಬೋರಲು ಹಾಕಿ ಅದರ ಮೇಲೆ ಕೂತ್ಬಿಡ್ತಾಳೆ. ಕಾಲೇಜಲ್ಲಿ ಪ್ರೇಯರ್ ಟೈಮಲ್ಲಿ ಎರಡು ಸಲ ಬಿದ್ದಿದಾಳೆ. ತಿಂಡಿ ತಿಂದಿಲ್ಲ ಅಂತ ಅವ್ರು ಹೇಳಿದ್ರು, ಆದ್ರೆ ಅವತ್ತು ನಾನೇ ಮೂರು ಇಡ್ಲಿ ತಿನ್ನಿಸಿ ಕಳ್ಸಿದ್ದೆ.

ಹಬ್ಬದ ದಿನ ನಮ್ಮತ್ತೆ ಎಣ್ಣೆ ಹಚ್ಚಿ ಹಂಡೆ ಬಿಸಿನೀರು ಹುಯ್ದು ಸ್ನಾನ ಮಾಡಿಸಿದ್ರು, ನಾಲ್ಕು ಚೊಂಬು ಹಾಕೋ ಅಷ್ಟರಲ್ಲಿ ಮಗು ಬಚ್ಚಲಲ್ಲೇ ಕುಸಿದು ಬಿತ್ತು. ಅವತ್ತಿಂದ ಅತ್ತೆ ಮಂಗಳವಾರ ಶುಕ್ರವಾರ ದೃಷ್ಟಿ ತೆಗೀತಿದಾರೆ. ನಾನೂ ತಪ್ಪು ಮಾಡ್ದೆ, ರಾತ್ರಿ ಎಲ್ಲ ಮೊಬೈಲ್ ನೋಡಿದ್ರೆ ಇನ್ನೇನಾಗುತ್ತೆ ಅಂತ ಬೈದಿದೀನಿ. ಓದೋಕೆ ನೆಪ ಅಂತ ಅಂದಿದೀನಿ. ಅದನ್ನ ನೆನೆಸ್ಕೊಂಡ್ರೆ ಈಗ ಊಟ ಸೇರಲ್ಲ.

ರಕ್ತ, ಥೈರಾಯ್ಡ್, ಇಸಿಜಿ, ಎಕೋ ಎಲ್ಲ ಮಾಡ್ಸಿದ್ವಿ, ಎಲ್ಲ ನಾರ್ಮಲ್. ಒಬ್ರು ಡಾಕ್ಟ್ರು ಟೆನ್ಷನ್ ಅಂತ ಮಾತ್ರೆ ಬರ್ಕೊಟ್ರು. ಹೋದ ವಾರ ಇನ್ನೊಬ್ಬ ಡಾಕ್ಟ್ರ ಹತ್ರ ಹೋದಾಗ ಅವ್ರು ಮಗಳನ್ನ ಹತ್ತು ನಿಮಿಷ ಮಲಗ್ಸಿ, ಆಮೇಲೆ ನಿಲ್ಲಿಸಿ ನಿಮಿಷ ನಿಮಿಷಕ್ಕೂ ನೋಡಿದ್ರು. ಮಲಗಿದ್ದಾಗ ಹಾರ್ಟ್ ರೇಟ್ 78 ಇದ್ದಿದ್ದು ನಿಂತ ಮೇಲೆ 126ಕ್ಕೆ ಹೋಯ್ತು, ಬಿಪಿ ಮಾತ್ರ ಇಳೀಲಿಲ್ಲ. ಇದು ಪಾಟ್ಸ್ ಅಂತ ಹೇಳಿ ಉಪ್ಪು ನೀರು ಜಾಸ್ತಿ ಕೊಡಿ, ನಿಧಾನಕ್ಕೆ ವ್ಯಾಯಾಮ ಶುರು ಮಾಡ್ಸಿ, ಹದಿನೈದು ದಿನ ಬಿಟ್ಟು ಬನ್ನಿ ಅಂದ್ರು. ಹೊರಗಡೆ ಅಷ್ಟು ಜನ ಕಾಯ್ತಿದ್ರು, ನಾನು ಏನೂ ಕೇಳಕ್ಕಾಗ್ಲಿಲ್ಲ.

ನಮ್ಮನೇಲಿ ಯಜಮಾನ್ರಿಗೆ ಬಿಪಿ ಇದೆ, ಎಂಟು ವರ್ಷದಿಂದ ಉಪ್ಪು ಕಮ್ಮಿ ಮಾಡ್ಕೊಂಡು ಬಂದಿದೀವಿ, ಈಗ ಮಗಳಿಗೆ ಜಾಸ್ತಿ ಕೊಡಿ ಅಂದ್ರೆ ಕೈ ನಡುಗುತ್ತೆ. ಎಷ್ಟು ಕೊಡೋದು? ಮನೇಲಿ ಏನೇನು ಬದಲಾಯಿಸ್ಬೇಕು? ಕಾಲೇಜು ಹೇಗೆ? ಇದು ಹೋಗುತ್ತಾ, ಜೀವನ ಪೂರ್ತಿ ಇರುತ್ತಾ? ಅನುಭವ ಇರೋರು ಯಾರಾದ್ರೂ ಹೇಳಿ.

ಮಜ್ಜಿಗೆಬಾಟ್ಲಿ:

ಆಂಟಿ, ಮೊದ್ಲು ಒಂದ್ಮಾತು, ನೀವು ಬೈದಿದ್ದಕ್ಕೆ ಅಷ್ಟು ಕೊರಗ್ಬೇಡಿ. ನನಗೆ ಈಗ 24, ಬೆಂಗಳೂರಲ್ಲಿ ಕೆಲಸ, ಪಾಟ್ಸ್ ಶುರುವಾಗಿದ್ದು 17ರಲ್ಲಿ, ಹೆಸರು ಗೊತ್ತಾಗಿದ್ದು 21ರಲ್ಲಿ. ನಾಲ್ಕು ವರ್ಷ ನಮ್ಮಮ್ಮನೂ ಇದನ್ನೇ ಅಂದ್ರು, ನಾನೂ ನನ್ನ ಬಗ್ಗೆ ಇದನ್ನೇ ಅಂದ್ಕೊಂಡಿದ್ದೆ, ನಾನೇ ಸೋಂಬೇರಿ ಇರ್ಬೇಕು ಅಂತ. ನಿಮ್ಮ ಮಗಳಿಗೆ ಆರು ತಿಂಗಳಲ್ಲೇ ಹೆಸರು ಸಿಕ್ಕಿದೆ, ಅದು ಸಣ್ಣ ವಿಷಯ ಅಲ್ಲ.

ಒಂದು ನೋಡಿ, ಅವಳು ಐದು ನಿಮಿಷ ಸುಮ್ನೆ ನಿಂತಾಗ ಪಾದ ನೋಡಿ. ನನ್ನದು ನೇರಳೆ ಹಣ್ಣು ತಿಂದ ನಾಲಿಗೆ ಥರ ಆಗುತ್ತೆ, ಬೆರಳಿಂದ ಒತ್ತಿದ್ರೆ ಬಿಳಿ ಗುರುತು ಬಿದ್ದು ನಿಧಾನಕ್ಕೆ ಮತ್ತೆ ಬಣ್ಣ ತುಂಬ್ಕೊಳ್ಳುತ್ತೆ. ಎಲ್ರಿಗೂ ಹೀಗಾಗಲ್ಲ, ಆದ್ರೆ ನಮ್ಮಮ್ಮ ನಂಬಿದ್ದು ಅದನ್ನ ನೋಡಿದ ದಿನ. ರಕ್ತ ಎಲ್ಲ ಕೆಳಗೇ ನಿಂತ್ಬಿಡುತ್ತೆ ಅಂತ ಡಾಕ್ಟ್ರು ಹೇಳಿದ್ದು ಕಣ್ಣಿಗೇ ಕಾಣ್ತು.

ಈಗ ನನ್ನ ದಿನ ಹೇಗಿರುತ್ತೆ ಅಂತ ಹೇಳ್ತೀನಿ. ರಾತ್ರಿನೇ ತಲೆದಿಂಬಿನ ಪಕ್ಕ ಅರ್ಧ ಲೀಟರ್ ನೀರು ಇಟ್ಕೋತೀನಿ, ಬೆಳಿಗ್ಗೆ ಏಳೋಕೆ ಮುಂಚೆ ಹಾಸಿಗೆಲೇ ಒರಗಿ ಕೂತು ಅದಷ್ಟನ್ನೂ ಎರಡು ಮೂರು ನಿಮಿಷದಲ್ಲಿ ಕುಡೀತೀನಿ, ಗುಟುಕು ಗುಟುಕಾಗಿ ಅಲ್ಲ, ಒಟ್ಟಿಗೆ. ಆಮೇಲೆ ಹದಿನೈದು ಇಪ್ಪತ್ತು ನಿಮಿಷ ಹಾಗೇ ಇದ್ದು, ಪಾದ ಮೇಲೆ ಕೆಳಗೆ ಆಡ್ಸಿ, ಮಂಚದ ಅಂಚಲ್ಲಿ ಕಾಲು ಇಳಿಬಿಟ್ಟು ಸ್ವಲ್ಪ ಹೊತ್ತು ಕೂತು, ಆಮೇಲೆ ನಿಲ್ಲೋದು. ಇದೊಂದನ್ನ ಮಾಡಿದ ದಿನಕ್ಕೂ ಬಿಟ್ಟ ದಿನಕ್ಕೂ ಅಜಗಜಾಂತರ. ಬಚ್ಚಲಲ್ಲಿ ಪ್ಲಾಸ್ಟಿಕ್ ಸ್ಟೂಲ್ ಇಡಿ ಆಂಟಿ, ಇವತ್ತೇ ತನ್ನಿ, ಬಕೆಟ್ ಮೇಲೆ ಕೂರೋದು ಬೇಡ, ಜಾರುತ್ತೆ. ನೀರು ಉಗುರುಬೆಚ್ಚಗೆ ಮಾತ್ರ. ಹಂಡೆ ಸ್ನಾನ ನಮ್ಮಂಥವರಿಗೆ ಆಗಲ್ಲ, ಬಿಸಿಗೆ ರಕ್ತನಾಳ ಎಲ್ಲ ಅಗಲ ಆಗಿ ಇರೋ ಬಿಪಿನೂ ಕೈ ಕೊಡುತ್ತೆ. ಅಜ್ಜಿಗೆ ಬೇಜಾರಾಗದ ಹಾಗೆ ಹೇಳಿ, ಎಣ್ಣೆ ಅವ್ರೇ ಹಚ್ಲಿ, ನೀರು ಮಾತ್ರ ಬೆಚ್ಚಗಿರ್ಲಿ, ಮಗು ಕೂತಿರ್ಲಿ.

ಊಟ ಒಂದೇ ಸಲ ಹೊಟ್ಟೆ ಬಿರಿಯೋ ಹಾಗೆ ಬೇಡ. ನಮ್ಮ ಕಡೆ ಮಧ್ಯಾಹ್ನ ಒಂದು ಗುಡ್ಡೆ ಅನ್ನ ಸಾರು ಉಂಡ ಮೇಲೆ ನನಗೆ ಎರಡು ಗಂಟೆ ಏಳೋಕೇ ಆಗ್ತಿರ್ಲಿಲ್ಲ, ರಕ್ತ ಎಲ್ಲ ಹೊಟ್ಟೆ ಕಡೆ ಹೋಗುತ್ತೆ. ಈಗ ಸ್ವಲ್ಪ ಸ್ವಲ್ಪ ಐದಾರು ಸಲ ತಿಂತೀನಿ, ಅನ್ನ ಕಮ್ಮಿ, ಕಾಳು ಮೊಟ್ಟೆ ಮೊಸರು ಜಾಸ್ತಿ. ಬ್ಯಾಗಲ್ಲಿ ಯಾವಾಗ್ಲೂ ಒಂದು ಲೀಟರ್ ಬಾಟ್ಲಿಲಿ ನೀರು ಮಜ್ಜಿಗೆ, ಉಪ್ಪು, ಇಂಗು, ಕರಿಬೇವು ಹಾಕಿ. ನನ್ನ ಹೆಸರು ಅದಕ್ಕೇ ಇದು. ಓಆರ್‌ಎಸ್ ತಗೊಳ್ಳೋದಾದ್ರೆ ಡಬ್ಲ್ಯುಎಚ್‌ಒ ಫಾರ್ಮುಲಾ ಅಂತ ಬರೆದಿರೋ ಪುಡಿ ಪ್ಯಾಕೆಟ್ಟೇ ತಗೊಳ್ಳಿ, ಅದ್ರಲ್ಲಿ ಲೀಟರಿಗೆ 2.6 ಗ್ರಾಂ ಉಪ್ಪಿರುತ್ತೆ. ಹಣ್ಣಿನ ರುಚಿ ಹಾಕಿ ಡಬ್ಬಿಲಿ ಬರೋ ಸಿಹಿ ಡ್ರಿಂಕುಗಳಲ್ಲಿ ಸಕ್ಕರೆ ಜಾಸ್ತಿ, ಉಪ್ಪು ಕಮ್ಮಿ.

ಇನ್ನೊಂದು, ಚೆನ್ನಾಗಿರೋ ದಿನ ಬರುತ್ತೆ, ಅವತ್ತು ಎಲ್ಲ ಕೆಲಸ ಮುಗ್ಸಿಬಿಡೋಣ ಅಂತ ಆಸೆ ಆಗುತ್ತೆ, ಮಾರನೇ ದಿನದಿಂದ ಮೂರು ದಿನ ಮಲಗ್ಬೇಕಾಗುತ್ತೆ. ಅವಳಿಗೆ ಅದನ್ನ ಮೊದ್ಲೇ ಹೇಳಿ. ಮುಟ್ಟಿನ ದಿನಗಳಲ್ಲಿ ಜಾಸ್ತಿ ಆಗೋದೂ ಮಾಮೂಲು, ಹೆದರ್ಬೇಡಿ.

ವಾರ್ಡ್‌ರೌಂಡ್ಸ್:

ನಾನು ಜನರಲ್ ಮೆಡಿಸಿನ್ ಡಾಕ್ಟರ್, ಜಿಲ್ಲಾ ಕೇಂದ್ರದಲ್ಲಿ ಇದೀನಿ. ಇಲ್ಲಿ ಬರೆಯೋದು ನಿಮ್ಮ ಡಾಕ್ಟರ್ ಹೇಳೋದಕ್ಕೆ ಬದಲಿ ಅಲ್ಲ, ಆದ್ರೆ ನೀವು ಹದಿನೈದು ದಿನ ಆದ್ಮೇಲೆ ಹೋದಾಗ ಏನು ಕೇಳ್ಬೇಕು ಅಂತ ಗೊತ್ತಿರ್ಲಿ ಅಂತ ಬರೀತಿದೀನಿ.

ನಿಮ್ಮ ಡಾಕ್ಟ್ರು ಮಾಡಿದ ಪರೀಕ್ಷೆ ಸರಿಯಾಗಿದೆ. ದೊಡ್ಡವರಲ್ಲಿ ನಿಂತ ಹತ್ತು ನಿಮಿಷದ ಒಳಗೆ ಹಾರ್ಟ್ ರೇಟ್ 30 ಏರಿ ಹಾಗೇ ನಿಂತ್ರೆ ಪಾಟ್ಸ್ ಅಂತೀವಿ, 12ರಿಂದ 19 ವಯಸ್ಸಿನವರಲ್ಲಿ 40 ಏರ್ಬೇಕು, ಯಾಕಂದ್ರೆ ಈ ವಯಸ್ಸಲ್ಲಿ ಆರೋಗ್ಯವಾಗಿರೋ ಮಕ್ಕಳಿಗೂ ಸ್ವಲ್ಪ ಜಾಸ್ತಿನೇ ಏರುತ್ತೆ. ನಿಮ್ಮ ಮಗಳಿಗೆ 48 ಏರಿದೆ. ಜೊತೆಗೆ ಬಿಪಿ ಬೀಳಬಾರದು, ತೊಂದರೆ ಕನಿಷ್ಠ ಮೂರು ತಿಂಗಳಿಂದ ಇರ್ಬೇಕು, ರಕ್ತಹೀನತೆ, ಥೈರಾಯ್ಡ್, ನೀರು ಕಮ್ಮಿ ಆಗಿರೋದು ಇಂಥ ಬೇರೆ ಕಾರಣ ಇರಬಾರದು. ಒಂದು ಕೇಳ್ತೀನಿ, ಫೆರಿಟಿನ್ ಮಾಡ್ಸಿದೀರಾ? ಹೀಮೋಗ್ಲೋಬಿನ್ ಸರಿ ಇದ್ದೂ ಕಬ್ಬಿಣದ ದಾಸ್ತಾನು ಖಾಲಿ ಇರೋ ಹುಡುಗೀರು ನಮ್ಮಲ್ಲಿ ತುಂಬಾ ಜನ, ಅದನ್ನ ಸರಿ ಮಾಡಿದ್ರೆ ಸುಸ್ತು ಎಷ್ಟೋ ಇಳಿಯುತ್ತೆ. ಬಿ12 ಕೂಡ ನೋಡ್ಸಿ.

ಒಳಗೆ ಆಗ್ತಿರೋದು ಇಷ್ಟು. ನಾವು ಯಾರೇ ನಿಂತ್ರೂ ಅರ್ಧದಿಂದ ಮುಕ್ಕಾಲು ಲೀಟರ್ ರಕ್ತ ಕಾಲು ಹೊಟ್ಟೆ ಕಡೆ ಇಳಿಯುತ್ತೆ. ತಕ್ಷಣ ನರಗಳು ರಕ್ತನಾಳಗಳನ್ನ ಬಿಗಿ ಮಾಡಿ ಅದನ್ನ ಮೇಲಕ್ಕೆ ತಳ್ತವೆ, ನಮಗೆ ಗೊತ್ತೇ ಆಗಲ್ಲ. ಪಾಟ್ಸ್ ಇರೋರಲ್ಲಿ ಆ ಬಿಗಿ ಸರಿಯಾಗಿ ಆಗಲ್ಲ, ಎಷ್ಟೋ ಜನರಲ್ಲಿ ರಕ್ತದ ಪ್ರಮಾಣವೇ ಕಮ್ಮಿ ಇರುತ್ತೆ, ಅದಕ್ಕೆ ಹೃದಯ ಓಡಿ ಓಡಿ ಸರಿದೂಗಿಸೋಕೆ ನೋಡುತ್ತೆ. ಆ ಓಟಕ್ಕೆ ಅಡ್ರಿನಲಿನ್ ಸುರಿಯುತ್ತೆ, ಅದ್ರಿಂದ ಕೈ ನಡುಕ, ಬೆವರು, ಹೆದರಿಕೆ ಥರ ಅನ್ನಿಸೋದು. ಮಲಗಿದ್ರೆ ಎಲ್ಲ ತಣ್ಣಗಾಗುತ್ತೆ. ಟೆನ್ಷನ್ನಿಂದ ಬರೋ ಎದೆಬಡಿತ ಮಲಗಿದ್ದಾಗಲೂ ಬರುತ್ತೆ, ಇದು ನಿಂತಾಗ ಬಂದು ಮಲಗಿದಾಗ ಹೋಗುತ್ತೆ, ಮುಖ್ಯ ವ್ಯತ್ಯಾಸ ಅದು. ಹೃದಯ ರೋಗ ಅಲ್ಲ, ಹೃದಯ ಗಟ್ಟಿಯಾಗಿದೆ, ಎಕೋ ಅದನ್ನೇ ಹೇಳಿದೆ. ಪಾಟ್ಸ್ ಅನ್ನೋ ಹೆಸರು ಬಂದಿದ್ದು 1993ರಲ್ಲಿ, ಅಮೆರಿಕದ ಮೇಯೊ ಕ್ಲಿನಿಕ್ಕಿನ ಡಾಕ್ಟರುಗಳಿಂದ. ನಾನು ಓದುವಾಗ ಇದರ ಬಗ್ಗೆ ಒಂದು ಪುಟವೂ ಓದಿರ್ಲಿಲ್ಲ, ಅದಕ್ಕೇ ಎಷ್ಟೋ ಮಕ್ಕಳಿಗೆ ಟೆನ್ಷನ್ ಮಾತ್ರೆ ಸಿಗೋದು. ಡೆಂಗ್ಯೂ, ಕೋವಿಡ್ ಥರದ ವೈರಲ್ ಜ್ವರ, ಒಂದೇ ಸಲ ಎತ್ತರ ಬೆಳೆಯೋದು, ಆಪರೇಷನ್ ಆಗಿ ತುಂಬಾ ದಿನ ಮಲಗೋದು, ಇವುಗಳ ಬೆನ್ನಿಗೆ ಶುರುವಾಗೋದನ್ನ ನೋಡಿದೀವಿ. ಜಾಸ್ತಿ ಹೆಣ್ಣುಮಕ್ಕಳಿಗೆ.

ಉಪ್ಪಿನ ವಿಷಯ. ಆರೋಗ್ಯವಾಗಿರೋರಿಗೆ ದಿನಕ್ಕೆ 5 ಗ್ರಾಂ, ಅಂದ್ರೆ ಒಂದು ಟೀ ಚಮಚದಷ್ಟು ಮೀರ್ಬೇಡಿ ಅಂತ ಡಬ್ಲ್ಯುಎಚ್‌ಒ ಹೇಳುತ್ತೆ. ಪಾಟ್ಸ್ ಇರೋ ದೊಡ್ಡವರಿಗೆ ಒಟ್ಟು 10 ಗ್ರಾಂ ಆಸುಪಾಸು, ಎರಡರಿಂದ ಮೂರು ಲೀಟರ್ ನೀರಿನ ಜೊತೆ ಕೊಡ್ತೀವಿ. ಮಗಳ ತೂಕ, ಬಿಪಿ, ಕಿಡ್ನಿ ರಿಪೋರ್ಟ್ ನೋಡಿ ಅವಳ ಲೆಕ್ಕ ನಿಮ್ಮ ಡಾಕ್ಟ್ರೇ ಹೇಳ್ಬೇಕು, ಅಂದಾಜಲ್ಲಿ ಏರಿಸ್ಬೇಡಿ. ನಿಮ್ಮ ಯಜಮಾನ್ರಿಗೆ ಉಪ್ಪು ವಿಷ ಅಂದ್ರೆ ಮಗಳಿಗೆ ಅದೇ ಔಷಧಿ, ಎರಡೂ ಒಂದೇ ಮನೇಲಿ ಸತ್ಯ. ಅಡುಗೆ ಕಮ್ಮಿ ಉಪ್ಪಲ್ಲೇ ಮಾಡಿ, ಅವಳ ತಟ್ಟೆಗೆ ಬೇರೆ ಹಾಕಿ.

ಇದಿಷ್ಟರಲ್ಲಿ ಸಾಕಾಗದೇ ಇದ್ರೆ ಮಾತ್ರೆಗಳಿವೆ, ಪ್ರೊಪ್ರಾನೊಲಾಲ್ ಕಮ್ಮಿ ಡೋಸಲ್ಲಿ, ಐವಾಬ್ರಡಿನ್, ಫ್ಲೂಡ್ರೊಕಾರ್ಟಿಸೋನ್, ಮಿಡೊಡ್ರಿನ್. ಒಬ್ಬೊಬ್ಬರಿಗೆ ಒಂದೊಂದು ಹಿಡಿಸುತ್ತೆ. ಅಸ್ತಮಾ ಇದ್ರೆ ಪ್ರೊಪ್ರಾನೊಲಾಲ್ ಬೇಡ, ಮೊದ್ಲೇ ಹೇಳಿ. ಮಿಡೊಡ್ರಿನ್ ಕೊಟ್ರೆ ಕೊನೇ ಡೋಸ್ ತಗೊಂಡು ನಾಲ್ಕು ಗಂಟೆ ಚಪ್ಪಟೆ ಮಲಗೋ ಹಾಗಿಲ್ಲ. ಮನೇಲಿ ಉಳಿದಿರೋ ಯಾರದ್ದೋ ಬಿಪಿ ಮಾತ್ರೆ ಕೊಡೋದು ಯಾವ ಕಾರಣಕ್ಕೂ ಬೇಡ.

ಒಂದೇ ಒಂದು ಎಚ್ಚರಿಕೆ: ಓಡುವಾಗ ಆಡುವಾಗ ಎಚ್ಚರ ತಪ್ಪಿದ್ರೆ, ಆಗ ಎದೆ ನೋವು ಬಂದ್ರೆ, ಕುಟುಂಬದಲ್ಲಿ ಯಾರಾದ್ರೂ ಚಿಕ್ಕ ವಯಸ್ಸಲ್ಲೇ ಹಠಾತ್ ಹೋಗಿದ್ರೆ, ಅದನ್ನ ಪಾಟ್ಸ್ ಅಂತ ಬಿಡಬಾರದು, ಅವತ್ತೇ ಹೃದಯದ ಡಾಕ್ಟ್ರ ಹತ್ರ ಹೋಗ್ಬೇಕು. ಮುಂದೆ ಏನಾದ್ರೂ ಅನುಮಾನ ಉಳಿದ್ರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಈ ಆಟೊನಾಮಿಕ್ ನರಗಳ (ಎದೆಬಡಿತ, ಬಿಪಿ ತಾನಾಗೇ ನಡೆಸೋ ನರಗಳು) ಪರೀಕ್ಷೆಗೇ ಲ್ಯಾಬ್ ಇದೆ, ನಿಮ್ಮ ಡಾಕ್ಟ್ರಿಂದ ಚೀಟಿ ಬರೆಸ್ಕೊಂಡು ಹೋಗ್ಬಹುದು.

ಹೋಗುತ್ತಾ ಅಂತ ಕೇಳಿದ್ರಿ. ಮೇಯೊ ಕ್ಲಿನಿಕ್ಕಲ್ಲಿ ಹದಿಹರೆಯದಲ್ಲಿ ಪಾಟ್ಸ್ ಬಂದವರನ್ನ ಸುಮಾರು ಐದು ವರ್ಷ ಆದ್ಮೇಲೆ ಕೇಳಿ 2016ರಲ್ಲಿ ಪ್ರಕಟ ಮಾಡಿದ್ರು. ನೂರಕ್ಕೆ 19 ಜನ ಪೂರ್ತಿ ಗುಣ ಆಗಿದ್ರು, ಗುಣ ಆದವರು, ಸುಧಾರಿಸಿದವರು, ಆಗೊಮ್ಮೆ ಈಗೊಮ್ಮೆ ಮಾತ್ರ ತೊಂದರೆ ಇರೋರು ಎಲ್ಲ ಸೇರಿದ್ರೆ 86. ನಾಳೆನೇ ಹೋಗುತ್ತೆ ಅಂತ ನಾನು ಹೇಳಲ್ಲ, ಆದ್ರೆ ಹೀಗೇ ಇರುತ್ತೆ ಅಂತ ನೀವು ಅಂದ್ಕೋಬೇಡಿ.

ಧಾರವಾಡದಣ್ಣ:

ಅಕ್ಕಾರ, ನಮ್ಮ ತಮ್ಮಗ 19 ಇದ್ದಾಗ ಇದ ಆತ್ರಿ, ಕೋವಿಡ್ ಬಂದು ಹ್ವಾದಮ್ಯಾಲೆ. ಹುಡುಗ ಫಾಸ್ಟ್ ಬೌಲರ್ ಇದ್ದಾಂವ, ಒಮ್ಮಿಂದೊಮ್ಮೆಲೆ ಜಿನಾ ಹತ್ತಾಕ ಆಗವಲ್ದು ಅಂತ ಮೆಟ್ಟಲ ಮ್ಯಾಲ ಕುಂದರ್ತಿದ್ದ. ಗಂಡು ಹುಡುಗ ಹಿಂಗ್ಯಾಕ ಯಾವಾಗ್ಲೂ ಮಕ್ಕೊಂತಾನ ಅಂತ ಅಪ್ಪಾರು ಬೈತಿದ್ರು, ಗಂಡುಮಕ್ಕಳಿಗಿ ಇದು ಬರಂಗಿಲ್ಲ ಅಂತ ಯಾರೂ ತಿಳ್ಕೋಬ್ಯಾಡ್ರಿ.

ನಾ ವ್ಯಾಯಾಮದ್ದಷ್ಟ ಹೇಳ್ತೀನ್ರಿ, ಯಾಕಂದ್ರ ಅದ್ರಾಗ ನಾವು ದೊಡ್ಡ ತಪ್ಪು ಮಾಡೀವಿ. ವ್ಯಾಯಾಮ ಮಾಡು ಅಂದ್ರಂತ ಮರುದಿನ ನಸುಕಿನ್ಯಾಗ ಗ್ರೌಂಡಿಗೆ ಕರ್ಕೊಂಡು ಹೋಗಿ ನಾಲ್ಕು ರೌಂಡ್ ನಡಿಸಿದೆ. ಎರಡನೇ ರೌಂಡಿಗೆ ಮಾರಿ ಬೆಳ್ಳಗ ಬಿಳಿಚ್ಕೊಂಡು ಅಲ್ಲೇ ಕುಂತ, ಒಂದ ವಾರ ಹಾಸಿಗಿ ಬಿಡಲಿಲ್ಲ. ಆಮ್ಯಾಲ ಫಿಸಿಯೋಥೆರಪಿ ಡಾಕ್ಟ್ರು ಹೇಳಿದ್ರು, ನಿಂತು ಮಾಡೂದು ಕಡೀಕ, ಮೊದಲ ಮಕ್ಕೊಂಡು ಮಾಡೂದು, ಆಮ್ಯಾಲ ಕುಂತು ಮಾಡೂದು ಅಂತ. ಅಮೆರಿಕಾದಾಗ ಡಲ್ಲಾಸ್‌ನ ಡಾಕ್ಟರ್ ಬೆಂಜಮಿನ್ ಲಿವೈನ್ ಅನ್ನಾವ್ರು ಈ ಪದ್ಧತಿ ಮಾಡ್ಯಾರ, ಅದನ್ನ ಫಿಲಡೆಲ್ಫಿಯಾದ ಮಕ್ಕಳ ಆಸ್ಪತ್ರ್ಯಾವ್ರು ತಿದ್ದಿ ಇನ್ನಷ್ಟು ಹಗೂರ ಮಾಡ್ಯಾರ. ಅವ್ರು ರೋಯಿಂಗ್ ಮಷಿನ್ನು, ಹಿಂದ ಒರಗಿ ಕುಂತು ತುಳಿಯೂ ಸೈಕಲ್ಲು, ಈಜೂದು ಅಂತಾರ. ನಮಗ ಎಲ್ಲಿ ಬರ್ಬೇಕ್ರಿ ಅದು. ಚಾಪಿ ಹಾಸಿ ಅಂಗಾತ ಮಕ್ಕೊಂಡು ಒಂದೊಂದ ಕಾಲು ಎತ್ತೂದು, ಮೊಣಕಾಲು ಮಡಚಿ ಸೊಂಟ ಎತ್ತೂದು, ಅದಾ ಸೇತುಬಂಧಾಸನ ಅಂತಾರಲ್ರಿ, ಮಕ್ಕೊಂಡ ಸೈಕಲ್ ತುಳದಂಗ ಮಾಡೂದು. ಮೊದಲನೇ ವಾರ ಬರೀ ಐದ ನಿಮಿಷ. ಆಮ್ಯಾಲ ಜಿಮ್‌ನ್ಯಾಗ ಒರಗಿ ತುಳಿಯೂ ಸೈಕಲ್ ಸಿಕ್ತು. ಸೂರ್ಯನಮಸ್ಕಾರ ಶುರುವಿಗಿ ಬ್ಯಾಡ್ರಿ, ಬಗ್ಗಿ ಏಳೂದ್ರಾಗ ತಲಿ ತಿರಗ್ತೈತಿ.

ಮೊದಲ ಒಂದ ತಿಂಗಳು ಇನ್ನೂ ಸುಸ್ತ ಜಾಸ್ತಿ ಆದಂಗ ಅನಸ್ತೈತ್ರಿ, ಅಲ್ಲೇ ಎಲ್ಲಾರೂ ಬಿಡ್ತಾರ. ನಾವು ಬಿಡಲಿಲ್ಲ. ನಾಲ್ಕನೇ ತಿಂಗಳಿಗಿ ಒಂದು ದಿನ ಸಂಜೀಕ ಜಿನಾ ಹತ್ತಿ ಅಟ್ಟದ ಮ್ಯಾಲ ಬಂದು ಚಾ ಕೊಡು ಅಂತ ಕುಂತ. ನಮ್ಮವ್ವ ಅವಂಗ ಗೊತ್ತಾಗದಂಗ ಅಡಗಿ ಮನ್ಯಾಗ ಹೋಗಿ ಅತ್ಲು. ಈಗ ಫಾಸ್ಟ್ ಬೌಲಿಂಗ್ ಇಲ್ಲ, ಸ್ಪಿನ್ ಹಾಕ್ತಾನ ಅಷ್ಟ, ಬ್ಯಾಸಗ್ಯಾಗ ಹೊರಗ ಹೋಗಂಗಿಲ್ಲ. ನಿಮ್ಮ ಕಡೆ ಥಂಡ ಇರ್ತೈತಿ, ಅದೊಂದು ಪುಣ್ಯ ನೋಡ್ರಿ.

ಚಾಕ್‌ಪೀಸು:

ಪಿಯು ಕಾಲೇಜಲ್ಲಿ ಕೆಮಿಸ್ಟ್ರಿ ಹೇಳ್ಕೊಡ್ತೀನಿ. ಹಾಜರಿ 75 ಪರ್ಸೆಂಟ್ ಬೇಕೇ ಬೇಕು, ಹಾಗಾಗಿ ವರ್ಷದ ಕೊನೇಲಿ ಓಡಾಡ್ಬೇಡಿ ಮೇಡಂ, ಈಗಲೇ ಡಾಕ್ಟ್ರ ಸರ್ಟಿಫಿಕೇಟ್ ಜೊತೆ ಪ್ರಿನ್ಸಿಪಾಲರಿಗೆ ಅರ್ಜಿ ಕೊಟ್ಟು ಒಂದು ಪ್ರತಿಗೆ ಸೀಲು ಹಾಕಿಸ್ಕೊಳ್ಳಿ. ಅರ್ಜಿಲಿ ಆರೋಗ್ಯ ಸರಿ ಇಲ್ಲ ಅಂತಷ್ಟೇ ಬರೀಬೇಡಿ, ಏನು ಬೇಕೋ ಅದನ್ನ ಬರೀರಿ: ಪ್ರೇಯರಲ್ಲಿ ಕೂರೋಕೆ ಅನುಮತಿ, ಡೆಸ್ಕ್ ಮೇಲೆ ನೀರಿನ ಬಾಟ್ಲಿ, ಲ್ಯಾಬಲ್ಲಿ ಸ್ಟೂಲು, ಕೇಳ್ದೇ ಹೊರಗೆ ಹೋಗಿ ಮಲಗೋಕೆ ಒಂದು ಜಾಗ. ನಮ್ಮ ಲ್ಯಾಬಲ್ಲಿ ಟೈಟ್ರೇಶನ್ ಮಾಡೋಕೆ ಮಕ್ಕಳು ಎರಡು ಗಂಟೆ ನಿಂತೇ ಇರ್ತಾರೆ. ಹೋದ ವರ್ಷ ನನ್ನ ಕ್ಲಾಸಲ್ಲಿ ಒಬ್ಬ ಹುಡುಗಿ ಬ್ಯುರೆಟ್ ಹಿಡ್ಕೊಂಡೇ ಕುಸಿದ್ಲು, ಗಾಜು ಒಡೆದು ಅಂಗೈ ಕೊಯ್ತು. ಎತ್ತರದ ಸ್ಟೂಲ್ ಕೊಟ್ಟಿದ್ರೆ ಆಗ್ತಿರ್ಲಿಲ್ಲ ಅದು. ಅವತ್ತಿಂದ ನಾನು ಎರಡು ಸ್ಟೂಲು ಇಟ್ಟೇ ಇಡ್ತೀನಿ, ಯಾರು ಬೇಕಾದ್ರೂ ಕೂರ್ಲಿ, ಕಾರಣ ಕೇಳಲ್ಲ.

ನಿಲ್ಲಲೇಬೇಕಾದ ಕಡೆ ಕಾಲು ಕತ್ತರಿ ಹಾಕ್ಕೊಂಡು ತೊಡೆ ಬಿಗಿ ಹಿಡಿಯೋಕೆ ಹೇಳಿ. ಕಣ್ಣು ಕತ್ತಲೆ ಬಂತು ಅಂದ್ರೆ ನಾಚ್ಕೋಬಾರ್ದು, ಅಲ್ಲೇ ಕುಕ್ಕರುಗಾಲಲ್ಲಿ ಕೂತ್ಬಿಡ್ಲಿ, ಶೂ ಲೇಸ್ ಕಟ್ಟೋ ಹಾಗೆ. ಫ್ರೆಂಡ್ಸಿಗೂ ಹೇಳಿರ್ಲಿ, ಬಿದ್ರೆ ಎತ್ತಿ ನಿಲ್ಲಿಸ್ಬೇಡಿ, ಮಲಗ್ಸಿ ಕಾಲು ಮೇಲೆ ಎತ್ತಿ ಹಿಡೀರಿ ಅಂತ. ಎಲ್ರೂ ಮಾಡೋ ತಪ್ಪು ಅದು, ಎಬ್ಬಿಸಿ ಕೂರಿಸಿ ನೀರು ಕುಡಿಸೋಕೆ ಹೋಗ್ತಾರೆ.

ಹಾಸನದಮ್ಮ:

ಎಲ್ರಿಗೂ ಎಷ್ಟು ಥ್ಯಾಂಕ್ಸ್ ಹೇಳಿದ್ರೂ ಸಾಲಲ್ಲ. ಡಾಕ್ಟ್ರ ಹತ್ರ ಮತ್ತೆ ಹೋಗಿ ಬಂದ್ವಿ, ಈ ಸಲ ಚೀಟಿಲಿ ಬರ್ಕೊಂಡು ಹೋಗಿದ್ದೆ, ಅವ್ರೂ ಸಮಾಧಾನವಾಗಿ ಕೂತು ಹೇಳಿದ್ರು. ಫೆರಿಟಿನ್ 9 ಬಂದಿದೆ, ಕಬ್ಬಿಣದ ಮಾತ್ರೆ ಕೊಟ್ಟಿದಾರೆ. ಉಪ್ಪು ಅವಳ ತೂಕಕ್ಕೆ ಇಷ್ಟು ಅಂತ ಬರ್ಕೊಟ್ಟಿದಾರೆ, ನಾನು ಬೆಳಿಗ್ಗೆನೇ ಒಂದು ಚಿಕ್ಕ ಡಬ್ಬಿಗೆ ಅಳೆದು ಹಾಕಿಡ್ತೀನಿ, ರಾತ್ರಿ ಮಲಗೋ ಅಷ್ಟರಲ್ಲಿ ಡಬ್ಬಿ ಖಾಲಿ ಆಗ್ಬೇಕು. ಬೇರೆ ಮಾತ್ರೆ ಸದ್ಯಕ್ಕೆ ಬೇಡ, ಮೂರು ತಿಂಗಳು ನೋಡೋಣ ಅಂದ್ರು.

ಅತ್ತೆಗೆ ಮಗಳ ಪಾದ ತೋರಿಸ್ದೆ. ಅಡುಗೆ ಮನೆಲಿ ನಿಲ್ಲಿಸಿ ಐದು ನಿಮಿಷ ಆದ್ಮೇಲೆ ನೋಡಿದ್ರು, ಏನೂ ಮಾತಾಡ್ಲಿಲ್ಲ, ಬಗ್ಗಿ ಕಾಲು ಮುಟ್ಟಿ ತಣ್ಣಗಿದೆಯಲ್ಲೇ ಅಂದ್ರು. ಮಾರನೇ ದಿನದಿಂದ ಬೆಳಿಗ್ಗೆ ಐದೂವರೆಗೆ ಅವ್ರೇ ನೀರಿನ ಚೊಂಬು ತಗೊಂಡು ಹೋಗಿ ಮಂಚದ ಹತ್ರ ಕೂತ್ಕೋತಾರೆ, ಪೂರ್ತಿ ಕುಡಿಯೋ ತನಕ ಏಳಲ್ಲ. ದೃಷ್ಟಿನೂ ತೆಗೀತಾರೆ, ಅದನ್ನ ನಾನು ಬೇಡ ಅಂದಿಲ್ಲ. ಬಚ್ಚಲಿಗೆ ಸ್ಟೂಲು ಬಂತು. ಕಾಲೇಜಲ್ಲಿ ಅರ್ಜಿ ಕೊಟ್ಟು ಸೀಲು ಹಾಕಿಸ್ದೆ ಸರ್. ಈ ಹನ್ನೆರಡು ದಿನದಲ್ಲಿ ಒಂದು ಸಲವೂ ಬಿದ್ದಿಲ್ಲ, ತಲೆಸುತ್ತು ಇದ್ದೇ ಇದೆ. ಮೊನ್ನೆ ರಾತ್ರಿ ಅವಳೇ ಬಂದು, ಅಮ್ಮ ನಾನು ನಾಟಕ ಮಾಡ್ತಿಲ್ಲ ಅಂತ ಈಗ ನಂಬ್ತೀಯಾ ಅಂತ ಕೇಳಿದ್ಲು. ನಾನು ಅವಳ ಹತ್ರ ತಪ್ಪಾಯ್ತು ಕಂದ ಅಂದೆ.

ಒಂದೇ ಒಂದು ಕೇಳೋದಿದೆ. ಬಿಗಿ ಕಾಲುಚೀಲ ಹಾಕ್ಸಿ ಅಂದಿದಾರೆ, ಮೆಡಿಕಲ್ ಶಾಪಲ್ಲಿ ಮೊಣಕಾಲ ತನಕ ಬರೋದು ಕೊಟ್ರು, ಅದನ್ನ ಹಾಕಿದ್ರೆ ಏನೂ ವ್ಯತ್ಯಾಸ ಇಲ್ಲ ಅಂತಾಳೆ. ಯಾವುದು ತಗೋಬೇಕು?

ಮಜ್ಜಿಗೆಬಾಟ್ಲಿ:

ಆಂಟಿ ಓದಿ ಕಣ್ಣು ತುಂಬ್ತು. ಮೊಣಕಾಲ ತನಕ ಬರೋದ್ರಿಂದ ಅಷ್ಟು ಪ್ರಯೋಜನ ಇಲ್ಲ, ರಕ್ತ ಜಾಸ್ತಿ ನಿಲ್ಲೋದು ತೊಡೆ ಹೊಟ್ಟೆ ಕಡೆ. ಸೊಂಟದ ತನಕ ಬರೋದು ಕೇಳಿ, 30-40 ಅಂತ ಪ್ಯಾಕೆಟ್ ಮೇಲೆ ಒತ್ತಡ ಬರೆದಿರುತ್ತೆ, ಹುಡುಗಿಗೆ ಅದು ತುಂಬಾ ಬಿಗಿ ಅನ್ಸಿದ್ರೆ ಡಾಕ್ಟ್ರನ್ನ ಕೇಳಿ 20-30 ಇಂದ ಶುರು ಮಾಡಿ. ಬೆಳಿಗ್ಗೆ ಏಳೋಕೆ ಮುಂಚೆ ಮಲಗಿದ್ದಾಗಲೇ ಹರಡು, ಮೀನಖಂಡ, ತೊಡೆ, ಸೊಂಟ ಟೇಪಲ್ಲಿ ಅಳೆದು ಬರ್ಕೊಂಡು ಹೋಗಿ ಸೈಜ್ ತಗೊಳ್ಳಿ, ಸಂಜೆ ಅಳತೆ ಜಾಸ್ತಿ ಬರುತ್ತೆ. ಹಾಕೋದೂ ಮಲಗಿದ್ದಾಗಲೇ, ರಾತ್ರಿ ಮಲಗುವಾಗ ತೆಗೀಬೇಕು. ಅದು ಸಿಗದಿದ್ರೆ ಬಾಣಂತಿಯರು ಹೊಟ್ಟೆಗೆ ಕಟ್ಕೊಳ್ಳೋ ಬೆಲ್ಟ್ ಇರುತ್ತಲ್ಲ, ಅದನ್ನ ಚೂಡಿದಾರದ ಒಳಗೆ ಕಟ್ಟಿ, ನಾನು ಆಫೀಸಿಗೆ ಅದನ್ನೇ ಹಾಕ್ಕೊಂಡು ಹೋಗೋದು, ಯಾರಿಗೂ ಗೊತ್ತಾಗಲ್ಲ. ಅವಳಿಗೆ ಏನಾದ್ರೂ ಕೇಳ್ಬೇಕು ಅನ್ಸಿದ್ರೆ ಇಲ್ಲೇ ಬರೀಲಿ, ಅಮ್ಮನ ಹತ್ರ ಹೇಳೋಕಾಗದ್ದು ಇದ್ರೂ ಸರಿ.